ನಕ್ಷೆಯ ಮೇಲಿನ ಕಂಬಳಿ

ಊರಿನ ನಕ್ಷೆಯನ್ನು ಊರಿನವರೇ ಬರೆಯಬೇಕು ಎಂದಿದ್ದರು ಹವಾಮಾನ ಯೋಜನೆಯವರು. ಅದೂ ಕಾಗದದ ಮೇಲಲ್ಲ, ತಿರುಮಣಿ ಪಕ್ಕದ ಆ ಹಳ್ಳಿಯ ಶಾಲೆ ಬಯಲಿನಲ್ಲಿ, ರಂಗೋಲಿ ಪುಡಿಯಲ್ಲಿ. ಬಿಸಿಲು ಏರುತ್ತಿದೆ, ಮಳೆ ಹೇಳಿದ ಮಾತು ಕೇಳುತ್ತಿಲ್ಲ, ಎಲ್ಲೆಲ್ಲಿ ಏನೇನು ಮಾಡಬೇಕೆಂದು ಜನರನ್ನೇ ಕೇಳಿ ಬರೆದುಕೊಂಡು ಹೋಗುವುದು ಅವರ ಕೆಲಸ. ಮಾತೇನೋ ಚೆನ್ನಾಗಿಯೇ ಇತ್ತು. ಬೆಳಗಿನಿಂದ ಜನ ಬಗ್ಗಿ ಬಗ್ಗಿ ಕೆರೆಗೆ ನೀಲಿ, ಹೊಲಕ್ಕೆ ಹಸಿರು, ಸೋಲಾರಿಗೆ ಗುತ್ತಿಗೆ ಕೊಟ್ಟ ಜಮೀನಿಗೆ ಇಟ್ಟಿಗೆ ಪುಡಿಯ ಕೆಂಪು ತುಂಬಿದರು.

ನಡುವೆ ಒಂದು ಜಾಗ ಮಾತ್ರ ಬರೀ ಮಣ್ಣಾಗಿ ಉಳಿಯಿತು. ಅದು ದೇವರೆತ್ತಿನ ಕಾವಲು, ಮೊದಲಿನಿಂದಲೂ ಬಿಟ್ಟುಕೊಂಡು ಬಂದ ಹುಲ್ಲುಗಾವಲು. ದೇವರ ಹೆಸರಿನ ಎತ್ತುಗಳು ಮೇದ ಮೇಲೆ ಊರಂಚಿನ ಗೊಲ್ಲರಹಟ್ಟಿಯ ಕುರಿಗಳು ಮೇಯುವುದು ಅಲ್ಲೇ. ಹಟ್ಟಿಯವರು ಅದರ ಗಡಿ ಮುಟ್ಟಿದ ಕೂಡಲೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯುತ್ತಾರೆ. ಅಂಥ ಜಾಗವನ್ನು ನಾಳೆ ಹತ್ತು ಜನ ತುಳಿಯುವ ನೆಲದ ಮೇಲೆ ಪುಡಿಯಲ್ಲಿ ಬರೆಯುವುದುಂಟೇ? ಯಾರೂ ಬರೆಯಲಿಲ್ಲ. ಬರೆಯದೆ ಬಿಟ್ಟದ್ದು ತಪ್ಪಾದೀತು ಎಂದು ಯಾರಿಗೂ ಹೊಳೆಯಲೂ ಇಲ್ಲ.

ಯೋಜನೆಯ ಚೇತನ್ ಕುಮಾರ್ ಆ ಬರಿ ಮಣ್ಣಿನ ಮೇಲೆ ಶೂ ಊರಿ ನಿಂತು ತನ್ನ ಪಟ್ಟಿ ಓದಿದ. ಖಾಲಿ ಜಾಗ, ನಲವತ್ತು ಎಕರೆ. ಅಲ್ಲಿ ನೆಡುತೋಪು, ಸುತ್ತ ತಂತಿಬೇಲಿ, ಐದು ವರ್ಷ ದನಕುರಿ ಬಿಡುವಂತಿಲ್ಲ.

ಅದನ್ನು ಕೇಳುತ್ತಾ ಕೂತಿದ್ದವರಲ್ಲಿ ಹಟ್ಟಿಯ ಕ್ಯಾತಮ್ಮನೂ ಇದ್ದಳು. ಗಂಡ ತೀರಿಕೊಂಡ ಮೇಲೆ ಅವಳ ಹೊಟ್ಟೆ ನಡೆಯುತ್ತಿದ್ದದ್ದು ಮೂವತ್ತು ಕುರಿಗಳಿಂದ. ಕೊಯ್ಲಾದ ಮೇಲೆ ಕುರಿ ಬಿಡುತ್ತಿದ್ದ ಹೊಲಗಳೆಲ್ಲ ಆಗಲೇ ಸೋಲಾರ್ ಹಲಗೆಗಳ ಕೆಳಗೆ ಹೋಗಿದ್ದವು. ಕಾವಲೂ ಹೋದರೆ ಮಂದೆಯನ್ನು ಸಂತೆಗೆ ಹೊಡೆಯುವುದೊಂದೇ ದಾರಿ. ಅವಳು ಎದ್ದು ನಿಂತು ಅದು ಖಾಲಿಯಲ್ಲ, ಕಾವಲು ಎಂದಳು.

ಚೇತನ್ ಕುಮಾರ್ ಕೆಟ್ಟವನೇನಲ್ಲ. ಆದರೆ ಹನ್ನೆರಡು ಗಂಟೆಗೆ ಶಾಲೆ ತಾರಸಿಯಿಂದ ನಕ್ಷೆಯ ಫೋಟೋ ತೆಗೆದು ಕಳಿಸಬೇಕು, ಫೋಟೋದಲ್ಲಿ ಗುರುತು ಕಾಣದ ಜಾಗವೆಲ್ಲ ಖಾಲಿ ಎಂದೇ ಲೆಕ್ಕ. ಅವನ ಜೊತೆಯ ಲೋಹಿತಾ ಫೋನ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು.

"ನಕ್ಷೆ ಬರೆದಿದ್ದು ನೀವೇ ಅಲ್ವೇನಮ್ಮಾ," ಎಂದು ಅವನು ಪುಡಿಯ ಬಟ್ಟಲನ್ನು ಕ್ಯಾತಮ್ಮನತ್ತ ಚಾಚಿದ. "ಅಲ್ಲೇನಾದ್ರೂ ಇದ್ರೆ ಈಗಲೇ ಬರೀರಿ."

ಅವಳು ಹಟ್ಟಿಯ ಪೂಜಾರಿ ಬೋರಣ್ಣನ ಕಡೆ ನೋಡಿದಳು. ಪುಡಿ ಮುಟ್ಟಬೇಡ ಎಂದು ಅವನು ತಲೆಯಾಡಿಸಿದ. ಅಷ್ಟೇ, ಮುಖ ತಿರುಗಿಸಿ ಕೂತ. ಕ್ಯಾತಮ್ಮನಿಗೆ ಶೂ ಹಾಕಿದವನಿಗಿಂತ ಈ ಮುದುಕನ ಮೇಲೆಯೇ ಸಿಟ್ಟು ಬಂತು. ದೇವರ ಮರ್ಯಾದೆ ಕಾಯುತ್ತಾ ದೇವರ ನೆಲವನ್ನೇ ಬಿಟ್ಟುಕೊಡಲು ಕೂತಿದ್ದಾನಲ್ಲ!

ಅವಳು ಹೆಗಲ ಮೇಲಿದ್ದ ಗಂಡನ ಕರಿ ಕಂಬಳಿಯನ್ನು ಇಳಿಸಿದಳು.

"ವಸಿ ಅತ್ಲಾಗೆ ಬನ್ನಿ ಸ್ವಾಮಿ," ಎಂದಳು. ಅವನು ಸರಿದ. ಅವಳು ಆ ಬರಿ ಮಣ್ಣಿನ ಮೇಲೆ ಕಂಬಳಿ ಹಾಸಿ ಕೈಮುಗಿದಳು.

ಹಟ್ಟಿಯವರೆಲ್ಲ ಕತ್ತು ಚಾಚಿ ನೋಡಿದರು. ಹಟ್ಟಿಯಲ್ಲಿ ಹಾಗೆ ಕಂಬಳಿ ಹಾಸಿ ಕೈಮುಗಿದರೆ ಅದು ದೇವರ ಗದ್ದುಗೆ. ಹಾಸುವವನು ಪೂಜಾರಿ, ಎತ್ತುವವನೂ ಪೂಜಾರಿ. ಹೆಂಗಸು ಹಾಸಿದ್ದನ್ನು ಯಾರೂ ಕಂಡಿರಲಿಲ್ಲ.

ಇದನ್ನು ತೆಗೆಯಿರಿ, ನಕ್ಷೆ ಮುಚ್ಚಿಹೋಗುತ್ತದೆ ಎಂದ ಚೇತನ್ ಕುಮಾರ್. ಯಾರೂ ಕದಲಲಿಲ್ಲ. ಅವನೇ ಬಗ್ಗಲು ಹೋದಾಗ ನಾಲ್ಕೈದು ಗಂಡಸರು ಒಟ್ಟಿಗೆ ಎದ್ದರು. ಅವನು ಕೈ ಹಿಂದಕ್ಕೆಳೆದುಕೊಂಡ.

ಆಗ ಬೋರಣ್ಣ ಎದ್ದ. ಚಪ್ಪಲಿ ಬಿಟ್ಟು, ಹೊಲದ ಹಸಿರು ಪುಡಿಯನ್ನು ತುಳಿಯದೆ ಸುತ್ತಿಕೊಂಡು ನಿಧಾನವಾಗಿ ಬಂದ. ಕ್ಯಾತಮ್ಮ ಅವನ ಕೈಯನ್ನೇ ನೋಡಿದಳು. ಅವನು ಕಂಬಳಿ ಎತ್ತಿದರೆ ಕಾವಲೂ ಹೋಯಿತು, ಹಟ್ಟಿಯಲ್ಲಿ ತಾನು ತಲೆಯೆತ್ತಿ ತಿರುಗುವುದೂ ಹೋಯಿತು.

ಬೋರಣ್ಣ ಬಗ್ಗಿ ಕಂಬಳಿಯ ಅಂಚು ಹಿಡಿದ. ಒಂದು ಮೂಲೆ ಮಡಚಿಕೊಂಡಿತ್ತು. ಅದನ್ನು ಬಿಡಿಸಿ, ನೆಟ್ಟಗೆ ಎಳೆದು, ಹಣೆ ಹಚ್ಚಿ ನಮಸ್ಕರಿಸಿದ.

ಚೇತನ್ ಕುಮಾರ್ ಜೇಬಿನಿಂದ ಪೆನ್ನು ತೆಗೆದ. ಪಟ್ಟಿಯಲ್ಲಿ 'ಖಾಲಿ ಜಾಗ' ಎಂದಿದ್ದನ್ನು ಹೊಡೆದುಹಾಕಿ, ಏನೆಂದು ಬರೆಯಲಿ ಎಂದು ಕೇಳಿದ.

"ದೇವರೆತ್ತಿನ ಕಾವಲು," ಎಂದ ಬೋರಣ್ಣ. "ಹಟ್ಟಿ ಕುರಿ ಮೇಯೋ ಜಾಗ ಅಂತ್ಲೂ ಸೇರಿಸ್ಕಳಿ."

ತಾರಸಿಯ ಮೇಲಿಂದ ಲೋಹಿತಾ ಫೋಟೋ ತೆಗೆದಳು. ಬೋರಣ್ಣ ಕ್ಯಾತಮ್ಮನ ಕಡೆ ತಿರುಗಿದ, ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ಹೆಣ್ಣೆಂಗಸು ಗದ್ದುಗೆ ಹಾಸಿದ್ದು ತಪ್ಪೇ ಕಣಮ್ಮ. ದೇವ್ರಿಗೆ ಒಂದು ಟಗರು ಬುಡಬೇಕಾಗ್ತದೆ."

"ಬುಡ್ತೀನಿ ಬುಡಣ್ಣ," ಎಂದಳು ಕ್ಯಾತಮ್ಮ. "ಮೇಯಾಕೆ ಕಾವಲಿದ್ರೆ ಟಗರಿಗೇನು ಬರ."