ಏರಿ ಮೇಲಿನ ಹಲಸು

ನೇರಳೆಕೊಪ್ಪದ ಸುಲೋಚನಮ್ಮನಿಗೆ ಒಂದು ಚಟ. ಬರಿ ಮಣ್ಣು ಕಂಡರೆ ಸಾಕು, ಕೈ ಸುಮ್ಮನಿರುವುದಿಲ್ಲ. ಏನಾದರೊಂದು ಗಿಡ ಊರಿಯೇ ತೀರಬೇಕು. ಒಡೆದ ಬಕೆಟ್ಟಿನಲ್ಲಿ ದಾಸವಾಳ, ಕೊಟ್ಟಿಗೆ ಹಿಂದೆ ಬಾಳೆ, ಬೇಲಿಗುಂಟ ಸಿಲ್ವರ್ ಮರ, ಆ ಮರಕ್ಕೆ ಮೆಣಸಿನ ಬಳ್ಳಿ. "ನಾನು ಒಂದ್ಕಡೆ ಸುಮ್ನೆ ನಿಂತ್ಕಂಡ್ರೆ ನನ್ ಕಾಲಿಗೂ ಮೆಣಸು ಹಬ್ಬಿಸ್ಬುಡ್ತಾಳೆ ಮಾರಾಯ" ಎಂದು ಗಂಡ ತೋಟಪ್ಪ ಕಂಡವರ ಮುಂದೆಲ್ಲ ಹೇಳಿಕೊಂಡು ನಗುತ್ತಾನೆ.

ಅಂಥವಳ ಕಣ್ಣಿಗೆ ಊರಿನ ಹೊಸ ಕಟ್ಟೆಯ ಏರಿ ಬಿದ್ದರೆ ಬಿಟ್ಟಾಳೆಯೇ?

ಕಟ್ಟೆ ಎಂದರೆ ದೊಡ್ಡ ಜಲಾಶಯವೇನಲ್ಲ. ಎರಡು ಗುಡ್ಡಗಳ ನಡುವೆ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಮಣ್ಣಿನ ಏರಿ, ಅಷ್ಟೇ. ಮಳೆಗಾಲದಲ್ಲಿ ಗುಡ್ಡದ ನೀರೆಲ್ಲ ಒಟ್ಟಿಗೇ ನುಗ್ಗಿ ಬಂದಾಗ ಅದನ್ನು ತಡೆದು ನಿಲ್ಲಿಸಿ, ಅಡಿಯ ತೂಬಿನಿಂದ ನಿಧಾನವಾಗಿ ಕೆಳಕ್ಕೆ ಬಿಡುವುದು ಅದರ ಕೆಲಸ. ತೀರಾ ಹೆಚ್ಚಾದ ನೀರು ಪಕ್ಕದ ಕೋಡಿಯಲ್ಲಿ ಹರಿದುಹೋಗುತ್ತದೆ. ಕಟ್ಟೆ ಇಲ್ಲದಿದ್ದಾಗ ಹಳ್ಳದ ದಂಡೆಯ ಕೆಳಕೇರಿಯವರಿಗೆ ಆಷಾಢ ಬಂತೆಂದರೆ ಎದೆ ಡವಡವ. ಒಂದು ವರ್ಷ ಶಿವಲೀಲಾಳ ಅಡುಗೆಮನೆಗೇ ನೀರು ನುಗ್ಗಿ, ಕೊಟ್ಟಿಗೆ ಗೋಡೆ ಕುಸಿದು, ಅವಳ ಸಂಸಾರ ಹಸು ಕರು ಸಮೇತ ಮೇಲುಕೇರಿಯ ಸುಲೋಚನಮ್ಮನ ಮನೆ ಸೇರಿತ್ತು. ಮಳೆ ಬಿಡುವಷ್ಟರಲ್ಲಿ ಇಬ್ಬರು ಹೆಂಗಸರೂ ಒಡಹುಟ್ಟಿದವರ ಹಾಗೆ ಆಗಿಬಿಟ್ಟಿದ್ದರು. ಅದಾದ ಮೇಲೇ ಈ ಏರಿ ಎದ್ದದ್ದು.

ಸುಲೋಚನಮ್ಮನ ತವರು ಬಾಳ್ಳುಪೇಟೆ. ಹೆದ್ದಾರಿ ಪಕ್ಕದ ಆ ಮನೆಯ ಮುಂದೆ ಅವಳವ್ವ ನೆಟ್ಟ ಚಂದ್ರಹಲಸಿನ ಮರವಿತ್ತು. ಕೆಂಪು ತೊಳೆ, ಜೇನಿನ ರುಚಿ. ಅವ್ವ ತೀರಿಕೊಂಡಳು. ಆಮೇಲೆ ರಸ್ತೆ ಅಗಲ ಮಾಡುವಾಗ ಮರವೂ ಹೋಯಿತು. ಕೊನೆಯ ಹಣ್ಣಿನ ಬೀಜಗಳನ್ನು ಸೆರಗಿಗೆ ಕಟ್ಟಿಕೊಂಡು ಬಂದ ಸುಲೋಚನಮ್ಮ ಒಂದಷ್ಟನ್ನು ತೋಟದಲ್ಲಿ ಊರಿದಳು. ಅವನ್ನೆಲ್ಲ ಕಾಡುಹಂದಿ ಬಗೆದು ತಿಂದಿತು. ಉಳಿದ ಒಂದೇ ಬೀಜವನ್ನು ಹೊಸ ಏರಿಯ ಮೇಲೆ, ಒಳ್ಳೆ ಬಿಸಿಲಿರುವ ಕಡೆ ಊರಿದಳು. ಅದು ಚಿಗುರಿತು. ಕೆಲವೇ ವರ್ಷಗಳಲ್ಲಿ ಮನೆಯ ಮಾಡಿನಷ್ಟು ಎತ್ತರವಾಯಿತು. ಆ ಕಡೆ ಹೋದಾಗಲೆಲ್ಲ ಅದರ ಬುಡ ಸವರಿ, "ಏನವ್ವಾ, ಚೆನ್ನಾಗಿದೀಯಾ?" ಎಂದು ಕೇಳದೆ ಅವಳು ಮುಂದಕ್ಕೆ ಹೋಗುತ್ತಿರಲಿಲ್ಲ.

ಕಾಫಿ ಕೊಯ್ಲು ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಶಿವಲೀಲಾ ಬಂದಳು. ಅವಳು ಸ್ತ್ರೀಶಕ್ತಿ ಸಂಘದವಳು, ಕಟ್ಟೆ ನೋಡಿಕೊಳ್ಳುವ ಸಮಿತಿಯಲ್ಲೂ ಇದ್ದಾಳೆ. ಸಕಲೇಶಪುರದಲ್ಲಿ ಇಂಜಿನಿಯರ್ ರಾಜೇಶ್ ಮಣ್ಣಿನ ಏರಿಗಳ ಬಗ್ಗೆ ನಡೆಸಿದ ತರಬೇತಿಗೆ ಹೋಗಿ ಬಂದಿದ್ದಳು. ಜಗಲಿಯ ಮೇಲೆ ಕೂತು ಕಾಫಿ ಕುಡಿದಳು. ಲೋಟ ಖಾಲಿಯಾದರೂ ಕೆಳಗಿಡಲಿಲ್ಲ.

"ಅಕ್ಕಾ, ಬೈಬಾರ್ದು."

"ಬೈಯೋ ಹಂಗಿದ್ರೆ ಬೈತೀನಿ. ಅದೇನು ಹೇಳು."

"ಏರಿ ಮೇಲಿನ ಹಲಸು ತೆಗಿಬೇಕು ಕಣಕ್ಕಾ."

ಸುಲೋಚನಮ್ಮ ಎದ್ದು ನಿಂತಳು. "ಯಾವನೇ ಅವ್ನು ಹೇಳಿದ್ದು? ಬೇರು ಮಣ್ಣು ಹಿಡ್ಕಂತದೆ ಅಂತ ಹಾಲು ಕುಡಿಯೋ ಮಗೀಗೂ ಗೊತ್ತು. ಗುಡ್ಡದ ದರೆ ಕುಸಿಬಾರ್ದು ಅಂತ ನಾವೇ ಮರ ನೆಡಲ್ವಾ? ಇಂಜಿನಿಯರ್ ಓದಿರೋದು ಸಿಮೆಂಟು. ಮಣ್ಣಿನ ಸಮಾಚಾರ ನನ್ನ ಕೇಳು!"

"ಗುಡ್ಡಕ್ಕಾದ್ರೆ ನೀನು ಹೇಳೋದೇ ಸರಿ ಅಕ್ಕಾ. ಗುಡ್ಡ ಅಗಾಧ ಐತೆ, ತಡ್ಕಂತದೆ. ಏರಿ ನಾವು ತಂದು ಸುರಿದ ಮಣ್ಣು. ಈ ಕಡೆ ನೀರು, ಆ ಕಡೆ ಊರು. ಬೇರು ನೀರು ಹುಡ್ಕಂಡು ಒಳಗೊಳಗೇ ಹೋಯ್ತದೆ. ಗಾಳೀಗೆ ಮರ ಓಲಾಡ್ದಂಗೆಲ್ಲ ಬುಡ ಸಡ್ಲ ಆಯ್ತದೆ. ನಾಳೆ ಬೇರು ಸತ್ತು ಕೊಳೆತ್ರೆ ಅಲ್ಲಿ ಪೈಪಿನಂಗೆ ತೂತು ಉಳೀತದೆ."

"ಬೇರು ತೂತಾಯ್ತದಂತೆ! ಕಟ್ಟುಕತೆ ಹೇಳ್ಬೇಡ. ಅದು ನಮ್ಮವ್ವ ಕಣೇ, ಲೀಲಾ." ಸುಲೋಚನಮ್ಮ ಅವಳ ಕೈಯಿಂದ ಖಾಲಿ ಲೋಟ ಕಿತ್ತುಕೊಂಡಳು. ಸಿಟ್ಟಿನಲ್ಲಿ ಇನ್ನೊಂದು ಮಾತೂ ಬಂದುಬಿಟ್ಟಿತು. "ನಮ್ಮನೇಲಿ ಉಂಡೋಳಿಗೆ ನಮ್ಮವ್ವನ ಮರ ಭಾರ ಆಯ್ತಾ?"

ಅಯ್ಯೋ, ಅಂದ ಮೇಲೆ ಅವಳಿಗೇ ಸಂಕಟವಾಯಿತು. ಶಿವಲೀಲಾಳ ಮುಖ ಬಾಡಿತು. ಆದರೂ ಅವಳು ಎದ್ದು ಹೋಗಲಿಲ್ಲ. ಅಂಗಳದಂಚಿನಲ್ಲಿ ಹಳೆಯ ಸಿಲ್ವರ್ ಮರದ ಬೊಡ್ಡೆಯೊಂದಿತ್ತು. ಮರ ಕಡಿದು ಎಷ್ಟೋ ವರ್ಷವಾಗಿ ಬೊಡ್ಡೆ ಪೂರ್ತಿ ಕೊಳೆತು ಲಡ್ಡಾಗಿತ್ತು. ಅದರ ಆಚೆಗೇ ದರೆ, ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆ. ದರೆಯ ಕೆಳಗೆ ಕಾಫಿ ಒಣಗಿಸುವ ಕಣ.

"ಗಿಡಕ್ಕೆ ನೀರು ಬಿಡೋ ಪೈಪು ಎಲ್ಲೈತಕ್ಕಾ? ಕೊಡು ಇಲ್ಲಿ."

ಶಿವಲೀಲಾ ಕೊಳೆತ ಬೊಡ್ಡೆಯನ್ನು ಕೋಲಿನಿಂದ ಕೆದಕಿ ಪೈಪಿನ ಬಾಯಿ ಅಲ್ಲಿಟ್ಟಳು. ನೀರು ಗುಳುಗುಳು ಎಂದು ಇಳಿಯಿತು. ಇಳಿಯುತ್ತಲೇ ಇತ್ತು. ತುಂಬಲೇ ಇಲ್ಲ.

"ಎಲ್ಲಿಗೆ ಹೋಯ್ತೇ ಅದು?" ಸುಲೋಚನಮ್ಮ ಸಿಟ್ಟು ಮರೆತು ಬಗ್ಗಿ ನೋಡಿದಳು.

ಉತ್ತರ ಕೆಳಗಿನಿಂದ ಬಂತು. "ಏಯ್! ಯಾರ್ರೀ ಅದು ನೀರು ಬಿಟ್ಟಿದ್ದು!" ಎಂದು ತೋಟಪ್ಪ ಕೂಗುತ್ತಿದ್ದ.

ಇಬ್ಬರೂ ಓಡಿದರು. ದರೆಯ ಮೈಯಿಂದ ಕೆಂಪು ನೀರು ದುಳುದುಳು ಸುರಿದು ಕಣಕ್ಕೆ ನುಗ್ಗಿತ್ತು. ತೋಟಪ್ಪ ಮೊಣಕಾಲವರೆಗೂ ಕೆಸರಾಗಿ, ಒಣಗಲು ಹಾಕಿದ್ದ ಕಾಫಿಯನ್ನು ಹಲಗೆಯಲ್ಲಿ ಆಚೆಗೆ ಎಳೆಯುತ್ತಿದ್ದ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಕಾಫಿ ಕೆಸರಾದ್ರೆ ಏನು ಬತ್ತದ್ರಮ್ಮಾ?"

ಶಿವಲೀಲಾ ಓಡಿಹೋಗಿ ನೀರು ನಿಲ್ಲಿಸಿ ಬಂದಳು. ಸುಲೋಚನಮ್ಮ ದರೆಯ ತೂತಿಗೆ ಕೈ ಹಾಕಿದಳು. ಮೊಣಕೈವರೆಗೂ ಒಳಗೆ ಹೋಯಿತು. ಬೇರಿನ ಆಕಾರ ಹಾಗೇ ಇತ್ತು, ಬೇರು ಇರಲಿಲ್ಲ.

"ನೀರು ಹೋಗೋದಷ್ಟೇ ಅಲ್ಲಕ್ಕಾ," ಎಂದಳು ಶಿವಲೀಲಾ ಮೆಲ್ಲಗೆ. "ಹೋಗ್ತಾ ಹೋಗ್ತಾ ಮಣ್ಣನ್ನೂ ಕರ್ಕಂಡು ಹೋಯ್ತದೆ. ತೂತು ದೊಡ್ಡದಾಗ್ತಾ ಹೋಯ್ತದೆ. ಕಟ್ಟೆ ತುಂಬಿದ್ದಾಗ ಏರೀಲಿ ಹಿಂಗಾದ್ರೆ?"

ಸುಲೋಚನಮ್ಮ ಕೆಳಕೇರಿಯ ಕಡೆ ನೋಡಿದಳು. "ನಿಮ್ಮನೆ ಏರಿಗೆ ನೆಟ್ಟಗೆ ಕೆಳಗೇ ಅಲ್ವೇನೇ?"

"ಹೂಂ."

"ನಿಮ್ಮನೇನೇ ಕೊಚ್ಕಂಡ್ ಹೋಯ್ತದೆ ಅಂತ ಮೊದ್ಲೇ ಯಾಕೆ ಬಾಯಿ ಬಿಡ್ಲಿಲ್ಲ?"

"ಹಂಗಂದಿದ್ರೆ ನೀನು ನನ್ ಮಾತಿಗೆ ಕಟ್ಟುಬಿದ್ದು ಕಡಿಸ್ತಿದ್ದೆ. ಆಮೇಲೆ ಏರಿ ಕಂಡಾಗೆಲ್ಲ ಮನಸ್ಸಲ್ಲೇ ನನ್ನ ಬೈಕಂತಿದ್ದೆ. ನಿಂಗೇ ಗೊತ್ತಾಗ್ಲಿ ಅಂತ."

ಸುಲೋಚನಮ್ಮ ಕೆಸರು ಕೈಯಲ್ಲೇ ಅವಳನ್ನು ತಬ್ಬಿಕೊಂಡಳು. "ಬಾಯಿಗೆ ಬಂದದ್ದು ಅಂದ್ಬುಟ್ಟೆ ಕಣೇ. ತಪ್ಪಾಯ್ತು. ಈಗ್ಲೇ ಮಚ್ಚು ತಗಂಡು ಹೋಗಾನ ನಡಿ."

"ಬೇಡ ಬೇಡ! ಮೇಲೆ ಕಡಿದು ಬೊಡ್ಡೆ ಬಿಟ್ರೆ ಇದೇ ಕತೆ ಅಲ್ವಾ? ಬೇರೂ ತೆಗಿಬೇಕು, ತೆಗೆದ ಜಾಗ ಗಟ್ಟಿ ಮಾಡ್ಬೇಕು. ನೀರಿಲ್ದಾಗ, ಇಂಜಿನಿಯರ್ ಮುಂದೆ ನಿಂತು ಮಾಡಿಸ್ಬೇಕು."

ತೋಟಪ್ಪ ಕಾಲು ತೊಳೆದುಕೊಂಡು ಬಂದು, ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಡತಿಯ ಪಕ್ಕ ನಿಂತ. ಈ ಸಲ ತಮಾಷೆ ಮಾಡಲಿಲ್ಲ. "ಹಲಸು ಕಿತ್ತು ಬೇರೆ ಕಡೆ ನೆಟ್ರೆ ಉಳಿಯಾದು ಕಷ್ಟ. ಆದ್ರೆ ಅದ್ರ ಕಡ್ಡಿ ಕೊಯ್ದು ಬೇರೆ ಹಲಸಿನ ಸಸೀಗೆ ಕಸಿ ಕಟ್ಬೋದು, ಅದೇ ಹಣ್ಣು ಬತ್ತದೆ. ನಾನು ಕಟ್ತೀನಿ. ಅಳ್ಬೇಡ ಸುಮ್ಕಿರು."

ಬೇಸಿಗೆಯಲ್ಲಿ ತೂಬಿನಲ್ಲಿ ಹನಿ ನೀರಿಲ್ಲದಿದ್ದಾಗ ರಾಜೇಶ್ ಬಂದು ನೋಡಿದರು. ಕಟ್ಟೆ ಖಾಲಿ ಇದ್ದರೆ ದಂಡವಲ್ಲ, ಮಳೆನೀರಿಗೆ ಜಾಗ ಇಟ್ಟುಕೊಂಡು ಕಾಯುತ್ತಿದೆ ಎಂದರ್ಥ ಎಂದು ಊರವರಿಗೆ ಬಿಡಿಸಿ ಹೇಳಿದರು. ಮೊದಲು ತೋಟಪ್ಪ ಕಸಿಗೆ ಕಡ್ಡಿ ಕೊಯ್ದುಕೊಂಡ. ಆಮೇಲೆ ಮರಕ್ಕೆ ಕೊಡಲಿ ಬಿತ್ತು. ಸುಲೋಚನಮ್ಮ ಆ ಕಡೆ ನೋಡಲಾರದೆ ಶಿವಲೀಲಾಳ ಕೈ ಹಿಡಿದುಕೊಂಡು ಕೋಡಿಯ ಹತ್ತಿರ ನಿಂತಳು. ಬೇರುಗಳನ್ನು ಬಿಡಿಸಿ ತೆಗೆದು, ಒಳ್ಳೆ ಮಣ್ಣನ್ನು ಹದವಾಗಿ ನೆನೆಸಿ, ಪದರ ಪದರವಾಗಿ ಹಾಕಿ ಗುದ್ದಿ ಗಟ್ಟಿ ಮಾಡಿದರು. ಮೇಲೆ ಗರಿಕೆ ಹಚ್ಚಿದ್ದು ಮಾತ್ರ ಸುಲೋಚನಮ್ಮನೇ. ಆ ಕೈ ಸುಮ್ಮನಿದ್ದೀತೇ!

ತೋಟಪ್ಪ ಕಟ್ಟಿದ ಕಸಿಗಳಲ್ಲಿ ಹಿಡಿದದ್ದು ಒಂದೇ. ಅದನ್ನು ಎಲ್ಲಿ ನೆಡುವುದು? ತೋಟಕ್ಕೆ ಹಂದಿ ಕಾಟ. ಸುಲೋಚನಮ್ಮ ಯಾರನ್ನೂ ಕೇಳಲಿಲ್ಲ. ಗಿಡವನ್ನು ಕಂಕುಳಲ್ಲಿಟ್ಟುಕೊಂಡು ಕೆಳಕೇರಿಗೆ ಇಳಿದು, ಏರಿಯ ಬುಡದಿಂದ ದೂರ ಇದ್ದ ಶಿವಲೀಲಾಳ ಹಿತ್ತಲಿನಲ್ಲಿ ನೆಟ್ಟು ಬಂದಳು.

ಆ ವರ್ಷ ಆಷಾಢದ ಮಳೆ ಹುಚ್ಚೆದ್ದು ಹೊಯ್ಯಿತು. ಕಟ್ಟೆ ತುಂಬಿ ಕೋಡಿ ಬಿತ್ತು. ಕೆಳಕೇರಿಯ ಅಡುಗೆಮನೆಗಳಲ್ಲಿ ಒಲೆ ಆರಲಿಲ್ಲ. ಸುಲೋಚನಮ್ಮ ದಿನಾ ಕೊಡೆ ಹಿಡಿದು ಬಂದು, ಏರಿಯ ಹಿಂಬದಿಯಲ್ಲಿ ಎಲ್ಲಾದರೂ ನೀರು ಜಿನುಗುತ್ತಿದೆಯೇ ಎಂದು ಶಿವಲೀಲಾಳ ಜೊತೆ ನೋಡಿಕೊಂಡು, ಆಮೇಲೆ ಅವಳ ಮನೆಯಲ್ಲಿ ಬಿಸಿ ಅಕ್ಕಿರೊಟ್ಟಿ ತಿನ್ನುತ್ತಿದ್ದಳು.

"ನಾನು ನೋಡ್ಕಂತೀನಲ್ಲಕ್ಕಾ. ಈ ಮಳೇಲಿ ನೀನ್ಯಾಕೆ ದಿನಾ ಬತ್ತೀಯ?" ಎಂದು ಶಿವಲೀಲಾ ಗದರಿದಳು.

ಸುಲೋಚನಮ್ಮ ಹಿತ್ತಲಿನ ಎಳೆ ಚಿಗುರಿನ ಕಡೆ ಕೈ ತೋರಿಸಿದಳು. "ಮೊದ್ಲು ನಮ್ಮವ್ವ ಏರಿ ಮೇಲಿದ್ಲು. ಈಗ ಏರಿ ಕೆಳಗೆ ನಿನ್ ಜೊತೇಲವ್ಳೆ. ನೋಡ್ದೆ ಇರಕ್ಕಾಯ್ತದೇನೇ?"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನಲ್ಲೂ ಇಂಥ ಮಣ್ಣಿನ ಏರಿ ಇದ್ದರೆ ಮಳೆ ಹಿಡಿಯುವ ಮುಂಚೆ ಒಮ್ಮೆ ಅದರ ಮೇಲೆ ನಡೆದು ಬನ್ನಿ. ಏರಿಗೆ ಗರಿಕೆಯೇ ಚೆಂದ, ಮರ ಬೇಡ. ಆಗಲೇ ಬೆಳೆದ ಮರವಿದ್ದರೆ ನೀವಾಗಿಯೇ ಕಡಿಯಲು ಹೋಗಬೇಡಿ, ಪಂಚಾಯಿತಿಗೆ ತಿಳಿಸಿ, ತಿಳಿದವರನ್ನು ಕರೆಸಿ. ಕೋಡಿಗೆ ಕಸಕಡ್ಡಿ ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳಿ. ಏರಿಯ ಹಿಂದೆ ಕೆಸರು ನೀರು ಬರುವುದು ಕಂಡರೆ ನಾಳೆ ನೋಡೋಣ ಎನ್ನಬೇಡಿ. ಮೊದಲು ಕೆಳಗಿನ ಮನೆಯವರನ್ನು ಮೇಲಕ್ಕೆ ಕರೆಯಿರಿ, ಕೂಡಲೇ ಪಂಚಾಯಿತಿಗೆ ಫೋನ್ ಮಾಡಿ. ಗಿಡ ನೆಡುವ ಕೈಗೆ ನಮ್ಮ ಬೆಟ್ಟದಲ್ಲಿ ಜಾಗಕ್ಕೇನು ಬರವೇ? ಏರಿಯೊಂದನ್ನು ಬಿಟ್ಟುಕೊಡಿ. ಅದರ ಕೆಳಗೆ ನಿಮಗೆ ಬೇಕಾದವರು ಯಾರೋ ಒಲೆ ಹೊತ್ತಿಸಿ ರೊಟ್ಟಿ ತಟ್ಟುತ್ತಿರುತ್ತಾರೆ.