ಇಲಿ ತಿನ್ನುವವನ ಮರ್ಯಾದೆ

ಜೆರೆ ಅಂಗಳದಲ್ಲೇ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡದ್ದನ್ನು ಕಂಡು ಕಸೂಬಳಿಗೆ ದಿಗಿಲಾಯಿತು. ಗಣಿ ಕಾಲೊನಿಯ ಈ ಮನೆಗೆ ಬಂದು ಹೋಗುತ್ತಲೇ ಅವನ ತಲೆಗೂದಲು ನರೆತಿದೆ, ಒಮ್ಮೆಯೂ ಟೋಪಿ ತೆಗೆದವನಲ್ಲ. ತೆಗೆಯಬೇಕಾದ ಸಂಬಂಧವೂ ಅಲ್ಲ ಅದು. ಅವನು ನ್ಗೋನಿ, ಕಸೂಬಳ ಗಂಡ ಕಪೆಂಬ್ವ ಬೆಂಬಾ. ಎರಡು ಕುಲಕ್ಕೂ ಅಜ್ಜಂದಿರ ಕಾಲದಲ್ಲಿ ಹೊಡೆದಾಟವಾಗಿ, ಹೊಡೆದು ಹೊಡೆಸಿಕೊಂಡು ಸಾಕಾಗಿ, ಇನ್ನು ಮೇಲೆ ಈಟಿ ಬೇಡ, ಬಾಯಿ ಸಾಕು ಎಂದು ತೀರ್ಮಾನವಾಗಿತ್ತು. ಅಂದಿನಿಂದ ಇವರು ಬೈಗುಳದ ನೆಂಟರು: ಬೆಂಬಾಗಳ ಬಾಯಲ್ಲಿ ನ್ಗೋನಿಗಳು ಇಲಿ ತಿನ್ನುವವರು, ನ್ಗೋನಿಗಳ ಬಾಯಲ್ಲಿ ಬೆಂಬಾಗಳು ಕೋತಿ ತಿನ್ನುವವರು. ಎಲ್ಲಿ ಸಿಕ್ಕರೂ ಬೈಯಬೇಕು, ಬೈಸಿಕೊಂಡವನು ನಗಬೇಕು, ಮುನಿಸಿಕೊಂಡವನು ಮನುಷ್ಯನಲ್ಲ. ಒಬ್ಬನ ಮನೆಯ ಸಾಮಾನಿನ ಮೇಲೆ ಇನ್ನೊಬ್ಬ ಕೈಯಿಟ್ಟು ‘ಇದು ನಂದು’ ಎಂದರೆ, ಅವನ ಬಾಯಿ ಮುಚ್ಚಿಸುವಂಥ ಮಾತಾಡಿ ಬಿಡಿಸಿಕೊಳ್ಳಬೇಕು. ಮಾತು ಹೊರಡದಿದ್ದರೆ ಸಾಮಾನು ಹೋಯಿತು. ಸಾವಿನ ಮನೆಗೆ ಬಂದು ಅಳುವವರನ್ನು ನಗಿಸುವ ಕೆಲಸವೂ ಈ ನೆಂಟರದೇ.

ಇಂಥ ಜೆರೆ ಒಳಗೆ ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ದಿಂಬುಗಳಿಗೆ ಒರಗಿದ್ದ ಕಪೆಂಬ್ವನ ಮುಂದೆ ಕೈಕಟ್ಟಿ ನಿಂತ.

“ಹೇಗಿದ್ದೀರಿ, ಕಪೆಂಬ್ವನವರೇ? ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ.”

ಕಪೆಂಬ್ವ ಕಣ್ಣು ಮುಚ್ಚಿಕೊಂಡ. ಜೆರೆ ತನ್ನ ಹಿತ್ತಲಿಂದ ತಂದಿದ್ದ ಪರಂಗಿ ಹಣ್ಣನ್ನು ಮೂಲೆಯಲ್ಲಿಟ್ಟು, ಬೆಕ್ಕಿನ ಹಾಗೆ ಸದ್ದಿಲ್ಲದೆ ಹೊರಟುಹೋದ.

“ನೋಡ್ದೇನೇ, ಬುಪೆಯಮ್ಮಾ,” ಎಂದ ಕಪೆಂಬ್ವ. ಬುಪೆ ಅವರ ಮಗಳು, ಮದುವೆಯಾಗಿ ನ್ಡೋಲಾ ಪಟ್ಟಣದಲ್ಲಿದ್ದಾಳೆ. ಒಂದೊಂದು ಮಾತಿಗೂ ಅವನು ಉಸಿರನ್ನು ಬಾವಿಯಿಂದ ಸೇದುವಂತೆ ಸೇದಬೇಕಿತ್ತು. “ಇಲಿ ತಿನ್ನೋನು... ನಂಗೆ ‘ಅವರೇ’ ಅಂದ. ನನ್ನ ಹೆಣದ ಪೆಟ್ಟಿಗೆಗೆ... ಅಳತೆ ತಗೊಂಡಾಯ್ತು.”

“ಸುಮ್ನಿರಿ, ಏನೇನೋ ಆಡ್ಬೇಡಿ,” ಎಂದಳು ಕಸೂಬ. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಬೆನ್ನುಮೂಳೆಗೂ ಇಳಿದಿದೆ, ವಾಸಿಮಾಡುವ ದಾರಿ ಇಲ್ಲ ಎಂದು ದೊಡ್ಡಾಸ್ಪತ್ರೆಯವರು ಮುಖಕ್ಕೆ ಮುಖ ಕೊಟ್ಟೇ ಹೇಳಿದ್ದರು. ಅರ್ಧ ಗಣಿಯ ದೂಳು, ಅರ್ಧ ತಾನೇ ಸುತ್ತಿ ಸೇದಿದ ಹೊಗೆಸೊಪ್ಪು, ಎರಡೂ ಸೇರಿ ಸಾಲ ವಸೂಲು ಮಾಡಿಕೊಂಡಿವೆ ಎಂದು ಆ ದಿನ ಬಸ್ಸಿನಲ್ಲಿ ಅವನೇ ನಕ್ಕಿದ್ದ. ಈಗ ಕಸೂಬಳಿಗೆ ಬೇಕಾದದ್ದು ಪವಾಡವಲ್ಲ. ಅವನು ಒಂದು ಮಧ್ಯಾಹ್ನ ನರಳದೆ ಮಲಗಲಿ, ಅಷ್ಟೇ.

ಅದಕ್ಕೆ ಔಷಧಿಯೂ ಮನೆಯಲ್ಲೇ ಇತ್ತು. ಮನೆಮನೆಗೆ ಬಂದು ಇಂಥ ರೋಗಿಗಳನ್ನು ನೋಡುವ ನರ್ಸಮ್ಮ ಚೋಲ ಮಾರ್ಫಿನ್ ದ್ರವದ ಬಾಟ್ಲಿ ಕೊಟ್ಟು, ಎಷ್ಟು ಕೊಡಬೇಕೆಂದು ಅಳತೆಯ ಪಿಚಕಾರಿಯ ಮೇಲೆ ಗುರುತು ಮಾಡಿ, ಕಸೂಬಳ ಕೈಯಲ್ಲೇ ಅಳೆಸಿ ಕಲಿಸಿಹೋಗಿದ್ದಳು. “ಇದು ಸಾಯ್ಸೋ ಔಷಧಿ ಅಲ್ಲ ಅಪ್ಪಾ. ನೋವಿಳಿಯುತ್ತೆ, ಏದುಸಿರಿನ ಗಾಬರಿ ಇಳಿಯುತ್ತೆ,” ಎಂದು ಅವನಿಗೂ ಹೇಳಿದ್ದಳು. ಕಪೆಂಬ್ವ ಅವಳೆದುರಿಗೆ ತಲೆಯಾಡಿಸಿ, ಅವಳು ಗೇಟು ದಾಟಿದ ಮೇಲೆ ಬಾಯಿ ಬಿಗಿದುಕೊಂಡ. ಅದು ಆಸ್ಪತ್ರೆಯವರು ಕೈಬಿಟ್ಟವರಿಗೆ ಕೊಡುವ ಔಷಧಿಯಂತೆ. ಕುಡಿದರೆ ತಾನೂ ಸಾವನ್ನು ಒಪ್ಪಿಕೊಂಡ ಹಾಗಂತೆ. ಕಸೂಬ ಬೇಡಿದಳು, ಗದರಿದಳು, ರಾಗಿ ಗಂಜಿಯ ಜೊತೆಗೆ ಹಿಡಿದಳು. ಅವನು ಗಂಜಿಯನ್ನೂ ಬಿಟ್ಟ.

ಕಸೂಬ ಎದ್ದಳು. ಪಕ್ಕದ ಮನೆಯವಳನ್ನು ಕರೆದು ಗಂಡನ ಹತ್ತಿರ ಕೂರಿಸಿ, ಮುಖಕ್ಕೆ ಗಾಳಿ ಬೀಸಲು ರಟ್ಟು ಕೊಟ್ಟು, ಹಿಂದಿನ ಸಾಲಿನಲ್ಲಿದ್ದ ಜೆರೆಯ ಮನೆಗೆ ನಡೆದಳು.

ಜೆರೆ ಮಾವಿನ ಮರದ ಬುಡದಲ್ಲಿ ಕೂತು ಗುದ್ದಲಿ ಮಸೆಯುತ್ತಿದ್ದ. ಮಸೆದದ್ದನ್ನೇ ಮಸೆಯುತ್ತಿದ್ದ.

“ಏನಯ್ಯಾ ಇಲಿಬೇಟೆಗಾರ, ನಿನ್ನ ನಾಲಗೆ ಯಾವ ಬೋನಿಗೆ ಬಿತ್ತು?” ಎಂದಳು ಕಸೂಬ, ನಿಂತಲ್ಲಿಂದಲೇ.

ಜೆರೆ ಎದ್ದು ನಿಂತ. “ಕೂತ್ಕೊಳ್ಳಿ, ಬುಪೆಯಮ್ಮಾ.”

“ಕೂರೋಕ್ ಬಂದಿಲ್ಲ. ನೀನು ನನ್ನ ಗಂಡಂಗೆ ‘ಅವರೇ’ ಅಂದ್ಯಲ್ಲ, ಯಾರು ಕೇಳಿದ್ರು ನಿನ್ನ ಮರ್ಯಾದೆ?”

“ಅಷ್ಟು ಕಷ್ಟದಲ್ಲಿರೋನ್ನ ಹೇಗಮ್ಮಾ ಬೈಯೋದು?”

“ಅವರ ಕಾಲ ಮೇಲೆ ಕಲ್ಲು ಬಿದ್ದಾಗ ಬೈಲಿಲ್ವಾ? ನಮ್ಮತ್ತೆ ಸತ್ತಾಗ, ಮುದುಕಿಗೆ ಸ್ವರ್ಗದಲ್ಲಿ ಕೋತಿ ಸಾರು ಸಿಗಲ್ಲ, ವಾಪಸ್ ಬರ್ತಾಳೆ ನೋಡ್ತಿರಿ ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗಲಿಲ್ವಾ?”

ಜೆರೆ ಗುದ್ದಲಿಯ ಅಲಗಿನ ಮೇಲೆ ಹೆಬ್ಬೆರಳು ಸವರುತ್ತ ಹೇಳಿದ: “ಅವನ ಸಾವಿಗೂ ನಾನೇ ಬಂದು ನಗಿಸ್ಬೇಕಲ್ಲಮ್ಮಾ. ಆ ದಿನ ನನ್ನ ಬಾಯಿಂದ ಏನೂ ಹೊರಡಲ್ಲ ಅಂತ ಭಯ. ಅದಕ್ಕೇ ಒಳ್ಳೊಳ್ಳೆ ಬೈಗುಳ ಎಲ್ಲ ಕೂಡಿಟ್ಕೊಂಡಿದೀನಿ. ಈಗ್ಲೇ ಖರ್ಚು ಮಾಡಿದ್ರೆ ಆಗ ಏನು ಮಾಡ್ಲಿ?”

ಕಸೂಬಳಿಗೆ ನಗು ಬಂತು.

“ಅಯ್ಯೋ ಮಂಕೇ. ಹೆಣಕ್ಕೆ ಕಿವಿ ಕೇಳುತ್ತಾ? ಕೂಡಿಟ್ಟ ಕಾಳಿಗೆ ಹುಳ ಬೀಳುತ್ತೆ ಅಂತ ನಿಮ್ಮಮ್ಮ ಹೇಳ್ಕೊಡ್ಲಿಲ್ವಾ? ಕೇಳೋರು ಕಾಯ್ತಾ ಕೂತಿದಾರೆ. ನಡಿ.”

ಜೆರೆ ಟೋಪಿಗೆ ಕೈಹಾಕಿದ. ಕಸೂಬಳ ಮುಖ ನೋಡಿದ. ಟೋಪಿಯನ್ನು ತಲೆಗೆ ಒತ್ತಿ ಕೂರಿಸಿಕೊಂಡು ಹೊರಟ.

ಈ ಸಲ ಅವನು ಗೇಟನ್ನು ಕಾಲಲ್ಲಿ ಒದ್ದ. “ಯಾರ ಮನೆಯೋ ಇದು? ಕೋತಿ ತಿನ್ನೋರ ಮನೇನಾ? ನಾಯಿ ಇಲ್ವಾ ಕಚ್ಚೋಕೆ, ಅದನ್ನೂ ತಿಂದ್ರಾ?”

ಒಳಗೆ ಕಪೆಂಬ್ವ ಕಣ್ಣು ತೆರೆದ.

ಜೆರೆ ಬಂದು ಅವನ ಸುತ್ತ ಒಂದು ಸುತ್ತು ಹಾಕಿದ, ಸಂತೆಯಲ್ಲಿ ಮೇಕೆ ನೋಡುವವನ ಹಾಗೆ. “ಥೂ, ಎಷ್ಟು ಸಣ್ಣಗಾಗಿದೀಯೋ. ನಾನು ಕಡ್ಡಿಗೆ ಚುಚ್ಚಿ ಸುಡೋ ಇಲಿಗೇ ನಿನಗಿಂತ ಮಾಂಸ ಜಾಸ್ತಿ. ನಿನ್ನ ಪೆಟ್ಟಿಗೆ ಹೊರೋಕೆ ಗಂಡಸರು ಯಾಕೆ, ಬುಪೆಯಮ್ಮ ಬುಟ್ಟಿಯಲ್ಲಿಟ್ಟು ತಲೆ ಮೇಲೆ ಹೊತ್ಕೊಂಡು ಹೋಗ್ತಾಳೆ.”

ಪಕ್ಕದ ಮನೆಯವಳು ಬಾಯಿಗೆ ಅಂಗೈ ಒತ್ತಿಕೊಂಡಳು. ಆ ಮನೆಯಲ್ಲಿ ಪೆಟ್ಟಿಗೆ ಎಂಬ ಮಾತನ್ನು ರೋಗಿಯ ಹೊರತು ಇನ್ನೊಬ್ಬರು ಗಟ್ಟಿಯಾಗಿ ಆಡಿದ್ದು ಅದೇ ಮೊದಲು. ಬಂದವರೆಲ್ಲ ‘ಬೇಗ ಹುಷಾರಾಗ್ತೀರಿ’ ಎಂದು ಪಿಸುಗುಟ್ಟಿ ಹೋದವರೇ.

ಕಪೆಂಬ್ವನ ತುಟಿ ಒಂದು ಕಡೆಗೆ ಎಳೆಯಿತು. ಏನೋ ಹೇಳಲು ಬಾಯಿ ತೆರೆದ, ಕೆಮ್ಮು ಬಂತು. ಕಸೂಬ ಅವನನ್ನು ಮುಂದಕ್ಕೆ ಬಗ್ಗಿಸಿ, ಕೆಮ್ಮು ನಿಲ್ಲುವವರೆಗೆ ಬೆನ್ನ ಮೇಲೆ ಕೈಯಿಟ್ಟು ಹಿಡಿದುಕೊಂಡಳು.

ಜೆರೆ ಮುಖ ತಿರುಗಿಸಲಿಲ್ಲ. ಕಾದ. ಆಮೇಲೆ ಕುರ್ಚಿಯ ತೋಳಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಹೇಳಿದ: “ಈ ಕುರ್ಚಿ ನಂದು.”

ಮುಕ್ವಾ ಮರದ ಆ ಕುರ್ಚಿಯನ್ನು ಕಪೆಂಬ್ವ ನಿವೃತ್ತಿಯಾದ ವರ್ಷ ತಾನೇ ಕೂತು ಮಾಡಿದ್ದ. ಮಲಗಿದರೆ ಉಸಿರು ಕಟ್ಟುವ ಈ ದಿನಗಳಲ್ಲಿ ಅವನ ಹಾಸಿಗೆಯೂ ಅದೇ.

“ನಾ... ಸತ್ತ ಮೇಲೆ...” ಎಂದ ಕಪೆಂಬ್ವ.

“ನೀನು ಸತ್ತ ಮೇಲೆ ಹೇಗೂ ತಗೋತೀನಿ, ಅದನ್ನ ಯಾರು ಕೇಳಿದ್ರು? ಈಗ್ಲೇ ಬೇಕು. ಇಲ್ಲಾ, ಬಾಯಿ ಇದ್ರೆ ಬಿಡಿಸ್ಕೋ.”

ಕಪೆಂಬ್ವನ ಕಣ್ಣಲ್ಲಿ ಉತ್ತರವಿತ್ತು. ಕಸೂಬ ಅದನ್ನು ಕಂಡಳು. ಹಳೆಯ, ಚೂಪಾದ, ಯಾವುದೋ ಒಳ್ಳೆಯ ಉತ್ತರ. ಎರಡು ಸಲ ಬಾಯಿ ತೆರೆದ. ಉಸಿರು ಸಾಲಲಿಲ್ಲ. ಬೆನ್ನಿನ ನೋವು ಮಾತನ್ನು ಅರ್ಧದಲ್ಲೇ ಕತ್ತರಿಸಿತು.

“ಉಸಿರಿಲ್ವಾ?” ಎಂದ ಜೆರೆ. ಅವನ ಕಣ್ಣು ಕಪಾಟಿನ ಮೇಲಿದ್ದ ಬಾಟ್ಲಿಗೆ ಹೋಯಿತು. “ಹಾಗಾದ್ರೆ ಅದನ್ನ ಕುಡಿ. ಏದುಸಿರು ಇಳಿಯುತ್ತೆ ಅಂತ ನರ್ಸಮ್ಮ ಹೇಳಿದಾಳಲ್ಲ. ನಾವು ನ್ಗೋನಿಗಳು ನ್ಯಾಯವಂತರು, ಬಾಯಿಲ್ಲದವನ ಕುರ್ಚಿ ಕಿತ್ಕೊಳ್ಳಲ್ಲ. ಔಷಧಿ ಹಿಡಿಯೋವರೆಗೆ ಕಾಯ್ತೀನಿ. ಆಮೇಲೂ ಉತ್ತರ ಇಲ್ದೆ ಹೋದ್ರೆ ನೀನು ಚಾಪೆಗೆ, ಕುರ್ಚಿ ನನ್ನ ಮನೆಗೆ.”

ಕಪೆಂಬ್ವ ಅವನನ್ನೇ ದುರುಗುಟ್ಟಿ ನೋಡಿದ. ಆಮೇಲೆ ಕಸೂಬಳ ಕಡೆಗೆ ತಿರುಗಿ, ತಾಯಿ ಹಕ್ಕಿಯ ಮುಂದೆ ಮರಿ ತೆರೆಯುವ ಹಾಗೆ ಬಾಯಿ ತೆರೆದ.

ಕಸೂಬ ಗುರುತಿನವರೆಗೆ ಅಳೆದಳು, ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ, ಕೆನ್ನೆಯ ಒಳಕ್ಕೆ ಬಿಟ್ಟಳು. ಆಮೇಲೆ ಒಲೆಯ ಮುಂದೆ ಹೋಗಿ ನ್ಶಿಮಾ ಮುದ್ದೆ ತಿರುವತೊಡಗಿದಳು.

ಮುದ್ದೆ ಬೇಯುವ ಹೊತ್ತಿಗೆ ಒಳಗಿನ ಉಸಿರಿನ ಸದ್ದು ಬದಲಾಗಿತ್ತು. ಗರಗಸದಂತಿದ್ದದ್ದು ಪೊರಕೆಯಂತಾಗಿತ್ತು. ಕಸೂಬ ಬಾಗಿಲಿಗೆ ಬಂದು ನೋಡಿದಳು. ಕಪೆಂಬ್ವನ ಹುಬ್ಬಿನ ಗಂಟು ಸಡಿಲಾಗಿತ್ತು. ಜೆರೆ ನೆಲದ ಮೇಲೆ ಕೂತು, ಕುರ್ಚಿಯ ಕಾಲನ್ನು ಹಿಡಿದುಕೊಂಡೇ ಇದ್ದ.

“ಲೋ ಜೆರೆ,” ಎಂದ ಕಪೆಂಬ್ವ, ನಿಧಾನವಾಗಿ, ಆದರೆ ಮಾತು ತುಂಡಾಗದಂತೆ. “ನಮ್ಮಜ್ಜ ನಿಮ್ಮಜ್ಜನ್ನ ಓಡಿಸ್ದಾಗ, ಅವನು ಕೂರೋಕೂ ಹೊತ್ತಿಲ್ದೆ ಓಡ್ದ. ಅವತ್ತಿಂದ ನಿಮ್ಮ ಕುಲದಲ್ಲಿ ಯಾರಿಗೂ ಕೂತು ಅಭ್ಯಾಸ ಇಲ್ಲ. ನಿಂಗ್ಯಾಕೋ ಕುರ್ಚಿ?”

ಜೆರೆ ನಕ್ಕ. ನಗುತ್ತಲೇ ಎದ್ದು ಹಿತ್ತಲಿಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತ. ಕಸೂಬ ಬೇಕೆಂದೇ ಸ್ವಲ್ಪ ತಡಮಾಡಿ ತಟ್ಟೆ ತಂದಳು.

“ಉಪ್ಪು ನಾನೇ ಹಾಕಿದೀನಿ ಕಣಯ್ಯಾ, ನೀನು ಬೇರೆ ಸುರಿಸ್ಬೇಡ,” ಎಂದು ಒಣಮೀನಿನ ಸಾರನ್ನು ಅವನ ಕೈಗಿಟ್ಟಳು.

ಕಪೆಂಬ್ವ ಆ ಮಧ್ಯಾಹ್ನ ಮಲಗಿದ. ಕೂತಲ್ಲೇ, ಬಾಯಿ ತೆರೆದುಕೊಂಡು, ಮಗುವಿನಂತೆ. ಕಸೂಬ ಎದುರಿಗೆ ಚಾಪೆ ಹಾಸಿಕೊಂಡು ಅವನ ಎದೆ ಏರಿಳಿಯುವುದನ್ನು ನೋಡುತ್ತ ನೋಡುತ್ತ ತಾನೂ ನಿದ್ದೆಹೋದಳು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಕಪೆಂಬ್ವ ಕಣ್ಣು ಬಿಡದೆಯೇ ಕುರ್ಚಿಯ ತೋಳನ್ನು ಸವರಿ ನೋಡುತ್ತಿದ್ದ.

“ಆ ಕಳ್ಳ ಹೋದ್ನಾ?”

“ಹೋದ. ನಾಳೆ ನಿಮ್ಮ ರೇಡಿಯೋ ನಂದು ಅನ್ನೋಕೆ ಬರ್ತಾನಂತೆ.”

ಕಪೆಂಬ್ವ ಯೋಚಿಸಿದ.

“ನಾಳೆ ಅವನು ಬರೋದಕ್ಕೆ ಮುಂಚೇನೇ,” ಎಂದ, “ಆ ಔಷಧಿ ಕೊಟ್ಬಿಡು.”