ಗೇರಣ್ಣನ ಕಾರಿನ ಮುಚ್ಚಳ

ಬೆಳಿಗ್ಗೆ ಬಾನೆಟ್ ಎತ್ತಿದರೆ, ಎಂಜಿನ್ನಿಗೆ ಆಯಿಲ್ ಸುರಿಯುವ ಬಾಯಿಗೆ ಮುಚ್ಚಳವೇ ಇಲ್ಲ. ಗೇರಣ್ಣ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಬಾಯಿ ತೆರೆದೇ ಇತ್ತು. ಸುತ್ತಲೂ ಎಣ್ಣೆ ಸಿಡಿದು ಜಿಡ್ಡು ಹಿಡಿದಿತ್ತು. ನಿನ್ನೆ ದಾರಿಯುದ್ದಕ್ಕೂ ಮೂಗಿಗೆ ಬಡಿದ ಕಮಟು ವಾಸನೆ ಎಲ್ಲಿಂದ ಬಂತೆಂದು ಈಗ ತಿಳಿಯಿತು. ಮುಚ್ಚಳ ಎಲ್ಲಿಗೆ ಹೋಯಿತೆಂದು ಮಾತ್ರ ತಿಳಿಯಲಿಲ್ಲ.

ಒಂದು ಸಲವಾದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಇದು ಮೂರನೆಯ ಸಲ. ಆಯುಷ್ಯವೆಲ್ಲ ಟ್ಯಾಕ್ಸಿ ಓಡಿಸಿ, ಗೇರು ಹಾಕುವ ನಾಜೂಕಿಗೇ ಬೀದಿಯವರಿಂದ ಗೇರಣ್ಣ ಎಂಬ ಹೆಸರು ಗಿಟ್ಟಿಸಿಕೊಂಡವನು ಅವನು. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತಿರುಗಿಸಿ ತೆಗೆಯಬೇಕು, ಒಳಮೈಯಲ್ಲಿ ಬಿಳಿ ನೊರೆ ಕಟ್ಟಿದೆಯೇ ನೋಡಬೇಕು, ರಬ್ಬರ್ ಉಂಗುರ ಬಿರಿದಿದೆಯೇ ಎಂದು ಬೆರಳಾಡಿಸಬೇಕು, ಬಟ್ಟೆಯಲ್ಲಿ ಒರೆಸಿ ಬಿಗಿಯಾಗಿ ಕೂರಿಸಬೇಕು. ಇದು ಅವನ ನಿತ್ಯದ ಪೂಜೆ. ಇಷ್ಟು ಮಾಡದೆ ಅವನಿಗೆ ಕಾಫಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಥವನು ಮುಚ್ಚಳ ಹಾಕುವುದನ್ನೇ ಮರೆಯುತ್ತಾನೆಂದರೆ ತಲೆಯಲ್ಲಿ ಎಲ್ಲೋ ಏನೋ ಸಡಿಲವಾಗಿದೆ ಎಂದೇ ಅರ್ಥ.

ಕಳೆದ ಸಲ ಬಿಡಿಭಾಗದ ಅಂಗಡಿಯವನು ಕಿಚಾಯಿಸಿದ್ದ. "ಏನಣ್ಣಾ, ಮುಚ್ಚಳ ಕರಿದು ತಿಂತಿದ್ದೀರಾ?"

"ಕಾಗೆ ಎತ್ಕೊಂಡು ಹೋಯ್ತಪ್ಪ," ಎಂದು ನಕ್ಕು ಬಂದಿದ್ದ ಗೇರಣ್ಣ. ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ. ಟ್ಯಾಕ್ಸಿ ಬಿಟ್ಟ ಮೇಲೆ ಅವನಿಗೆ ಉಳಿದಿದ್ದ ಕೆಲಸ ಒಂದೇ, ನರ್ಸ್ ಆಗಿರುವ ಮಗಳನ್ನು ದಿನಾ ಬೆಳಿಗ್ಗೆ ಆಸ್ಪತ್ರೆಗೆ ಬಿಡುವುದು. ತಲೆ ಕೈಕೊಟ್ಟದ್ದು ನಿಜವಾದರೆ ಅದನ್ನೂ ಬಿಡಬೇಕು. ಹೆತ್ತ ಮಗಳನ್ನು ಕೂರಿಸಿಕೊಂಡು ಜೂಜಾಡುವಷ್ಟು ಮೂರ್ಖ ಅವನಲ್ಲ. ಆದರೆ ಅದೊಂದು ಹೋದರೆ ದಿನವಿಡೀ ಗೋಡೆ ನೋಡುತ್ತ ಕೂರುವುದು ಹೇಗೆಂದು ಅವನಿಗೆ ದಿಗಿಲಾಗುತ್ತಿತ್ತು.

ಬ್ಯಾಟರಿಯ ಮೇಲೆ, ಚಕ್ರದ ಸಂದಿಯಲ್ಲಿ, ಅಂಗಳದ ಕುಂಡಗಳ ಹಿಂದೆ ಎಲ್ಲ ಕಡೆ ಹುಡುಕಿದ. ತನ್ನ ಜೇಬನ್ನೇ ಮತ್ತೆ ಮತ್ತೆ ತಡಕಿದ. ನಿನ್ನೆ ಮುಚ್ಚಳ ತಿರುಗಿಸಿದ್ದು ನೆನಪಿದೆ. ಇಲ್ಲ, ಅದು ಮೊನ್ನೆಯೋ? ಕೊನೆಗೆ, ಸದ್ಯಕ್ಕೆ ಬಾಯಿಗೆ ಕಟ್ಟಲು ಒಂದು ಚೂರು ಬಟ್ಟೆಯಾದರೂ ಸಿಗಲಿ ಎಂದು ಒಳಗೆ ಹೋಗಿ ಹೆಂಡತಿಯ ಹೊಲಿಗೆ ಡಬ್ಬಿ ತೆರೆದ. ಗುಂಡಿ, ದಾರದುಂಡೆಗಳ ಅಡಿಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ಕಪ್ಪು ಮುಚ್ಚಳ! ಅಂಚು ಸವೆದ, ಮೊಟ್ಟಮೊದಲು ಕಳೆದುಹೋದ ಅದೇ ಹಳೆಯದು.

"ಲೇ, ಬಾ ಇಲ್ಲಿ! ಕಳ್ಳಿ ಮನೇಲೇ ಇದ್ದಾಳೆ!" ಅವನಿಗೆ ಸಿಟ್ಟೇ ಬರಲಿಲ್ಲ. ಕುಣಿಯುವಷ್ಟು ಖುಷಿಯಾಗಿತ್ತು. "ನನ್ನ ತಲೆ ಗಟ್ಟಿಯಾಗೇ ಇದೆ ಕಣೇ! ನಾನು ಹುಚ್ಚನ ಹಾಗೆ ಅಂಗಳ ಎಲ್ಲಾ ಗುಡಿಸ್ತಿದ್ದೀನಿ, ನೀನು ನೋಡಿದ್ರೆ..."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತಳು. ಮುಖದಲ್ಲಿ ನಗುವಿರಲಿಲ್ಲ.

"ಅದಿಲ್ದೆ ಇದ್ರೆ ಕಾರು ಸ್ಟಾರ್ಟೇ ಆಗಲ್ಲ ಅಂದ್ಕೊಂಡಿದ್ದೆ ರೀ. ದಿನಾ ಎದ್ದ ತಕ್ಷಣ ನೀವು ಅದನ್ನೇ ಹಿಡ್ಕೋತೀರಲ್ಲ, ಅದೇ ಎಲ್ಲಕ್ಕಿಂತ ಮುಖ್ಯ ಇರ್ಬೇಕು ಅಂತ ತೆಗೆದಿಟ್ಟೆ. ಆದ್ರೂ ನೀವು ಹೊರಟೇಬಿಟ್ರಿ."

"ಅಯ್ಯೋ ಪೆದ್ದಿ! ಎಣ್ಣೆ ಸಿಡಿಯುತ್ತೆ, ಹೊಗೆ ಬರುತ್ತೆ, ಗಾಡಿ ನಿಲ್ಲುತ್ತಾ? ಸರಿ, ಇನ್ನೆರಡು ಎಲ್ಲಿ? ಕೊಡು."

"ನಾನು ತೆಗೆದಿದ್ದು ಅದೊಂದೇ."

"ತಮಾಷೆ ಸಾಕು ಮಾರಾಯ್ತಿ."

"ನಿಮ್ಮಾಣೆಗೂ ಅದೊಂದೇ ರೀ. ಮಿಕ್ಕಿದ್ದು ನಂಗೆ ಗೊತ್ತಿಲ್ಲ."

ಗೇರಣ್ಣ ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ. ಖುಷಿ ಎಲ್ಲಿ ಸೋರಿಹೋಯಿತೋ ಗೊತ್ತಾಗಲಿಲ್ಲ. "ಇದನ್ನಾದ್ರೂ ಯಾಕೆ ತೆಗೆದೆ? ಆಗಿನ್ನೂ ನಾನು ಏನೂ ಕಳ್ಕೊಂಡಿರ್ಲಿಲ್ವಲ್ಲ."

ಅವಳು ಹೇಳಲೋ ಬೇಡವೋ ಎಂದು ಮಗಳ ಕೋಣೆಯ ಬಾಗಿಲ ಕಡೆ ನೋಡಿದಳು. ಮಗಳು ಇನ್ನೂ ತಲೆ ಬಾಚುತ್ತಿದ್ದಳು.

"ಅದನ್ನ ತೆಗೆದಿಡೋ ಹಿಂದಿನ ದಿನ ನೀವು ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ. ಅವಳ ಹಳೇ ಶಾಲೆ ಮುಂದೆ ನಿಲ್ಲಿಸಿ, 'ಇಳಿ ಪುಟ್ಟಾ, ಬೆಲ್ ಹೊಡೀತು, ಓಡು' ಅಂದ್ರಂತೆ."

"ನಾನಾ?"

"ಅವಳು ಇಳಿದ್ಲಂತೆ. ನೀವು ತಿರುಗಿ ಹೊರಡೋವರೆಗೂ ಗೇಟ್ ಹತ್ರ ಟಾಟಾ ಮಾಡ್ತಾ ನಿಂತಿದ್ದು, ಆಮೇಲೆ ಬಸ್ ಹಿಡಿದ್ಲಂತೆ. ಅಪ್ಪಂಗೆ ಹೇಳ್ಬೇಡ ಅಂದಿದ್ಲು."

ಗೇರಣ್ಣ ನೆನಪನ್ನೆಲ್ಲ ಜಾಲಾಡಿದ. ಶಾಲೆಯ ಗೇಟು ಕಣ್ಣಿಗೆ ಬಂತು. ಅದರ ಬಳಿ ಎರಡು ಜಡೆಯ ಹುಡುಗಿಯೊಬ್ಬಳು ಕೈಬೀಸುತ್ತಿದ್ದಳು. ಅದು ಯಾವಾಗಿನದೆಂದು ಹೇಳುವವರು ಯಾರೂ ಇರಲಿಲ್ಲ.

ಅವನು ಹೊರಗೆ ಹೋಗಿ ಎಂಜಿನ್ ಬಾಯಿಯ ಅಂಚನ್ನು ಒರೆಸಿದ, ಮುಚ್ಚಳ ಕೂರಿಸಿ ಬಿಗಿಯಾಗುವವರೆಗೂ ತಿರುಗಿಸಿದ. ಕೈಗೆ ಎಲ್ಲವೂ ನೆನಪಿತ್ತು.

"ಹೊರಡೋಣ್ವಾ ಅಪ್ಪಾ?" ಮಗಳು ಚೀಲ ಹೆಗಲಿಗೇರಿಸಿ ಬಂದಳು.

"ನೀನೇ ಓಡಿಸು ಪುಟ್ಟಾ," ಎಂದು ಅವನು ಸ್ಟೀರಿಂಗ್ ಬದಿಯ ಬಾಗಿಲು ತೆರೆದು ಹಿಡಿದ. "ಇವತ್ತು ನಾನು ನಿಂಗೆ ಟಾಟಾ ಮಾಡ್ತೀನಿ."